ರೊಕ್ಕ ಬಂತು ಅಂತ ಬ್ರೌಸರ್ ಹೇಳಿದ್ರ ನಂಬಬ್ಯಾಡ್ರಿ

ನಮ್ಮ ಕಲಬುರಗಿದಾಗ ಈಗ ಸಣ್ಣ ಸಣ್ಣ ಅಂಗಡಿಯವ್ರೂ ಸ್ವಂತ ವೆಬ್‌ಸೈಟ್ ಬೇಕು ಅಂತ ಕೇಳ್ಲಿಕತ್ತಾರ, ಅದ್ರಾಗೂ ತೊಗರಿಬ್ಯಾಳಿ ಮಾರೋರು. 2019ರಾಗ ಗುಲಬರ್ಗಾ ತೊಗರಿಬ್ಯಾಳಿಗೆ ಜಿಐ ಟ್ಯಾಗ್ (ಇದು ಇಂಥ ಊರಿಂದೇ ಅನ್ನೋ ಸರ್ಕಾರಿ ಗುರುತು) ಸಿಕ್ಕದ, ಬೆಂಗಳೂರು ಪುಣೆ ಹೈದರಾಬಾದ್ ಕಡಿ ಇರೋ ನಮ್ಮ ಮಂದಿಗೆ ಊರ ಬ್ಯಾಳಿನೇ ಬೇಕು, ಗಂಜ್‌ದಾಗ (ನಮ್ಮೂರ ಕಾಳುಕಡಿ ಪ್ಯಾಟಿ) ಕುಂತ ಸಾವ್ಕಾರ್ರಿಗೂ ನಡುವ ಯಾರೂ ಇಲ್ದಂಗ ನೇರ ಮಾರಬೇಕು ಅನ್ನೋ ಆಸೆ. ಸೈಟ್ ಕಟ್ಟೋರು ನಮ್ಮ ಇಂಜಿನಿಯರಿಂಗ್ ಕಾಲೇಜಿನ ಹುಡುಗ್ರೇ, ಹೆಚ್ಚಾಗಿ ಸರ್ವರ್ ಕೋಡ್ ಬರಿಲಿಕ್ಕ ನೋಡ್‌ಜೆಎಸ್, ಎಕ್ಸ್‌ಪ್ರೆಸ್, ಮಾಹಿತಿ ಇಡೋ ಡೇಟಾಬೇಸ್ ಪೋಸ್ಟ್‌ಗ್ರೆಸ್ ಇಷ್ಟೇ ಸಾಮಾನು. ಪೇಮೆಂಟ್ ಗೇಟ್‌ವೇ (ಗಿರಾಕಿ ಕಟ್ಟಿದ ರೊಕ್ಕ ತಗೊಂಡು ಅಂಗಡಿ ಬ್ಯಾಂಕಿಗೆ ಮುಟ್ಟಿಸೋ ಸೇವೆ) ಹಚ್ಚೋದು ಅಂದ್ರ ಒಂದು ಬಟನ್ ಹಾಕೋದು ಅಂತ ಭಾಳ ಮಂದಿ ತಿಳ್ಕೊಂಡಾರ. ಬಟನ್ ಖರೇನ ಒಂದು ಸಂಜಿದಾಗ ಆಗ್ತದ. ಅದ್ರ ಹಿಂದಿನ ಕೆಲಸ ಯಾವ ಟ್ಯುಟೋರಿಯಲ್‌ದಾಗೂ ಸರಿ ತೋರ್ಸಂಗಿಲ್ಲ, ಅದನ್ನೇ ಇಲ್ಲಿ ಬರಿಲಿಕತ್ತೀನಿ. ಉದಾಹರಣೆಗೆ ರೇಜರ್‌ಪೇ ತಗೊಂಡೀನಿ, ಯಾಕಂದ್ರ ನಾನು ಹೆಚ್ಚು ಬಳಸಿದ್ದು ಅದೇ. ಬ್ಯಾರೆ ಗೇಟ್‌ವೇ ಆದ್ರ ಹೆಸರು ಬದಲಾಗ್ತಾವ, ವಿಚಾರ ಅದೇ.

ಮೊದ್ಲು ಒಂದು ಪೇಮೆಂಟ್ ಹೆಂಗ ನಡಿತದ ನೋಡ್ರಿ. ಗಿರಾಕಿ "ಹಣ ಕಟ್ಟಿ" ಅಂತ ಒತ್ತಿದ ಕೂಡ್ಲೆ ನಮ್ಮ ನೋಡ್ ಸರ್ವರ್ ಗೇಟ್‌ವೇಗೆ ಹೋಗಿ ಒಂದು ಆರ್ಡರ್ ತಯಾರ ಮಾಡ್ತದ, ಅಲ್ಲಿಂದ ಒಂದು ಆರ್ಡರ್ ಐಡಿ ಬರ್ತದ, ಆ ಐಡಿ ಬ್ರೌಸರ್‌ಗೆ ಕೊಟ್ಟ ಮ್ಯಾಲ ಚೆಕ್‌ಔಟ್ ಕಿಟಕಿ ತೆರಿತದ, ಗಿರಾಕಿ ಯುಪಿಐನೋ ಕಾರ್ಡೋ ಆರಿಸಿ ಕಟ್ತಾರ, ಆಮ್ಯಾಲ ಬ್ರೌಸರ್‌ಗೆ ಮೂರು ಸಾಮಾನು ವಾಪಸ್ ಬರ್ತಾವ: ಪೇಮೆಂಟ್ ಐಡಿ, ಆರ್ಡರ್ ಐಡಿ, ಒಂದು ಸಿಗ್ನೇಚರ್ (ಸುದ್ದಿ ಖರೆ ಅಂತ ಗೇಟ್‌ವೇ ಒತ್ತಿದ ಮುದ್ರೆ). ಬ್ರೌಸರ್ ಇವನ್ನ ನಮ್ಮ ಸರ್ವರ್‌ಗೆ ಕಳಿಸ್ತದ. ಇದ್ರಾಗ ನಮ್ಮ ಕೈಯಾಗ ಪೂರ್ತಿ ಇರೋದು ಸರ್ವರ್ ಒಂದೇ. ಬ್ರೌಸರ್ ಗಿರಾಕಿ ಕೈಯಾಗ ಅದ, ಯುಪಿಐ ಆ್ಯಪ್ ಬ್ಯಾರೆಯವ್ರದ್ದು, ಬ್ಯಾಂಕ್ ಬ್ಯಾಂಕಿನವ್ರದ್ದು.

ಅದಕ್ಕೇ ಮೊತ್ತ ಎಷ್ಟು ಅನ್ನೋದು ಎಂದಿಗೂ ಬ್ರೌಸರ್‌ದಿಂದ ತಗೋಬಾರ್ದು. ಬ್ರೌಸರ್ ಕಳಿಸಬೇಕಾದ್ದು ಯಾವ ಬ್ಯಾಳಿ, ಎಷ್ಟು ಪಾಕೀಟು, ಅಷ್ಟೇ. ರೇಟು, ಡಿಸ್ಕೌಂಟು, ಪಾರ್ಸಲ್ ಖರ್ಚು ಎಲ್ಲಾ ಸರ್ವರ್ ತನ್ನ ಡೇಟಾಬೇಸ್‌ದಿಂದ ತಗೊಂಡು ಕೂಡಿಸಬೇಕು. ಬ್ರೌಸರ್‌ದಾಗ ಡೆವಲಪರ್ ಟೂಲ್ ತೆಗೆದು 1500 ರೂಪಾಯಿ ಇದ್ದದ್ದನ್ನ 15 ಮಾಡಿ ಕಳಿಸ್ಲಿಕ್ಕ ಯಾವ ದೊಡ್ಡ ಹ್ಯಾಕರ್ರೂ ಬೇಕಾಗಿಲ್ಲ, ಪಿಯುಸಿ ಹುಡುಗ ಸಾಕು.

ಇನ್ನ ಪೈಸೆ. ಗೇಟ್‌ವೇಗೆ ಮೊತ್ತ ಪೈಸೆದಾಗ ಕೊಡಬೇಕು, ಪೂರ್ಣಾಂಕ ಇರಬೇಕು, 299 ರೂಪಾಯಿ ಅಂದ್ರ 29900, ಎಲ್ಲಾದಕ್ಕಿಂತ ಕಮ್ಮಿ ಅಂದ್ರ 100 ಪೈಸೆ. ಜಾವಾಸ್ಕ್ರಿಪ್ಟ್‌ದಾಗ ದಶಮಾಂಶದ ಲೆಕ್ಕ ಹೆಂಗ ಇರ್ತದ ಅಂದ್ರ ಕನ್ಸೋಲ್‌ದಾಗ 19.99 ಅನ್ನ 100ರಿಂದ ಗುಣಿಸಿ ನೋಡ್ರಿ, 1999 ಬರಂಗಿಲ್ಲ, 1998.9999999999998 ಬರ್ತದ. ಅದನ್ನ ಕೆಳಗ ಇಳಿಸಿ ಪೂರ್ಣಾಂಕ ಮಾಡಿದ್ರ ಒಂದು ಪೈಸೆ ಹೋಯ್ತು. ಒಂದು ಪೈಸೆದಾಗ ಏನದ ಅನ್ನಬ್ಯಾಡ್ರಿ, ತಿಂಗಳ ಕೊನಿಗೆ ನಮ್ಮ ಲೆಕ್ಕ ಗೇಟ್‌ವೇ ಲೆಕ್ಕ ತಾಳಿ ಆಗ್ಲಿಲ್ಲಾಂದ್ರ ಆ ಪೈಸೆ ಹುಡುಕ್ಲಿಕ್ಕ ರಾತ್ರಿ ಕುಂದ್ರಬೇಕಾಗ್ತದ. ಡೇಟಾಬೇಸ್‌ದಾಗೂ ಪೈಸೆದಾಗೇ ಇಡ್ರಿ, ರೂಪಾಯಿ ಅನ್ನೋದು ಪರದೆ ಮ್ಯಾಲ ತೋರ್ಸೋ ಹೊತ್ತಿಗೆ ಮಾತ್ರ. ಪೋಸ್ಟ್‌ಗ್ರೆಸ್ ಬಳಸೋರು ಇನ್ನೊಂದು ನೆನಪಿಡ್ರಿ: ಆ ಕಾಲಮ್ ಬಿಗ್‌ಇಂಟ್ (ಭಾಳ ದೊಡ್ಡ ಪೂರ್ಣಾಂಕ ಹಿಡಿಯೋದು) ಮಾಡಿದ್ರ ನೋಡ್‌ದ ಪಿಜಿ ಲೈಬ್ರರಿ ಅದನ್ನ ಸ್ಟ್ರಿಂಗ್, ಅಂದ್ರ ಬರೇ ಅಕ್ಷರದ ಸಾಲು, ಮಾಡಿ ಕೊಡ್ತದ, ಆಗ 29900ಕ್ಕ 4000 ಪಾರ್ಸಲ್ ಖರ್ಚು ಕೂಡಿಸಿದ್ರ 299004000 ಆಗಿ ಕುಂದರ್ತದ. ಸಾದಾ ಇಂಟಿಜರ್ ಸಾಕು, ಅದ್ರಾಗೇ ಎರಡು ಕೋಟಿ ರೂಪಾಯಿ ತನಕದ ಬಿಲ್ಲೂ ಹಿಡಿತದ.

ಈಗ ಮುಖ್ಯ ಮಾತಿಗೆ ಬರ್ತೀನಿ. ನೀವು ನಮ್ಮೂರ ಸೂಪರ್ ಮಾರ್ಕೆಟ್ ಅನ್ನೋ ಪ್ಯಾಟಿ ಕಡಿ ಯಾವ ಅಂಗಡಿಗೆ ಹೋದ್ರೂ ಕೌಂಟರ್ ಮ್ಯಾಲ ರೊಕ್ಕ ಬಂತು ಅಂತ ಒದರೋ ಸೌಂಡ್‌ಬಾಕ್ಸ್ ಇರ್ತದ. ಗಿರಾಕಿ ಫೋನ್ ತಿರುಗಿಸಿ "ನೋಡ್ರಿ ಕಾಕಾ, ಹಸಿರು ಟಿಕ್ ಬಂತು" ಅಂತ ತೋರ್ಸಿದ್ರೂ ಅಂಗಡಿ ಕಾಕಾ ಡಬ್ಬಿ ಮಾತಾಡೋ ತನಕ ಸಾಮಾನಿನ ಚೀಲ ಬಿಡಂಗಿಲ್ಲ, ಯಾಕಂದ್ರ ಸ್ಕ್ರೀನ್ ಯಾರ್ ಬೇಕಾದ್ರೂ ತಯಾರ ಮಾಡಬಹುದು, ಡಬ್ಬಿಗೆ ಸುದ್ದಿ ಬರೋ ದಾರಿ ಬ್ಯಾರೆ. ಬ್ರೌಸರ್‌ದಿಂದ ಬರೋ "ಪೇಮೆಂಟ್ ಆಯ್ತು" ಅನ್ನೋದು ಆ ಫೋನ್ ಸ್ಕ್ರೀನ್. ವೆಬ್‌ಹುಕ್ ಅಂದ್ರ ಆ ಸೌಂಡ್‌ಬಾಕ್ಸ್, ಗೇಟ್‌ವೇ ಸರ್ವರ್ ನೇರ ನಮ್ಮ ಸರ್ವರ್‌ಗೆ ಬಂದು ಹೇಳೋ ಸುದ್ದಿ. ಅಂಗಡಿ ಕಾಕಾಗೆ ಗೊತ್ತಿದ್ದ ಈ ಮಾತು ನಮ್ಮ ಕೋಡ್‌ದಾಗೂ ಇರಬೇಕು ಅನ್ನೋದೇ ನನ್ನ ಹಟ.

ಹಂಗಂತ ಬ್ರೌಸರ್ ತಂದದ್ದನ್ನ ಒಗಿಬೇಕಂತಲ್ಲ, ಪರೀಕ್ಷೆ ಮಾಡಿ ತಗೋಬೇಕು. ಸಿಗ್ನೇಚರ್ ಇರೋದೇ ಅದ್ರ ಸಲುವಾಗಿ. ಆರ್ಡರ್ ಐಡಿ, ನಡುವ ಒಂದು ನೆಟ್ಟಗಿನ ಗೆರಿ (|), ಪೇಮೆಂಟ್ ಐಡಿ, ಇಷ್ಟನ್ನ ಒಂದೇ ಸಾಲು ಮಾಡಿ ನಮ್ಮ ಕೀ ಸೀಕ್ರೆಟ್ (ಗೇಟ್‌ವೇ ನಮಗಷ್ಟೇ ಕೊಟ್ಟ ಗುಟ್ಟಿನ ಪದ) ಹಾಕಿ ಎಚ್‌ಮ್ಯಾಕ್ ಎಸ್‌ಎಚ್‌ಎ 256 ಅನ್ನೋ ಲೆಕ್ಕದ ಮುದ್ರೆ ತೆಗಿಬೇಕು, ಬಂದದ್ದು ಸಿಗ್ನೇಚರ್ ಜೋಡಿ ಹೊಂದಬೇಕು. ಇದಕ್ಕ ಹೊಸ ಪ್ಯಾಕೇಜ್ ಬ್ಯಾಡ, ನೋಡ್‌ದಾಗೇ ಇರೋ ಕ್ರಿಪ್ಟೊ ಮಾಡ್ಯೂಲ್ ಸಾಕು. ಹೋಲಿಸೋ ಹೊತ್ತಿಗೆ ಮೂರು ಸಮ ಚಿಹ್ನೆ (===) ಬ್ಯಾಡ, ಅದೇ ಮಾಡ್ಯೂಲಿನ ಟೈಮಿಂಗ್‌ಸೇಫ್‌ಈಕ್ವಲ್ ಬಳಸ್ರಿ, ಆದ್ರ ಎರಡರ ಉದ್ದ ಬ್ಯಾರೆ ಇದ್ರ ಅದು ಎರರ್ ಎಸಿತದ, ಅದಕ್ಕ ಮೊದ್ಲು ಉದ್ದ ನೋಡ್ಕೊಳ್ರಿ.

ಇಲ್ಲೊಂದು ಸೂಕ್ಷ್ಮ ಅದ, ಭಾಳ ಕೋಡ್‌ದಾಗ ಇದನ್ನ ಬಿಟ್ಟಿರ್ತಾರ. ಸಿಗ್ನೇಚರ್ ಲೆಕ್ಕ ಹಾಕೋ ಹೊತ್ತಿಗೆ ಆರ್ಡರ್ ಐಡಿ ಬ್ರೌಸರ್ ಕಳಿಸಿದ್ದನ್ನೇ ತಗೊಂಡ್ರ ಏನಾಗ್ತದ ಯೋಚನಿ ಮಾಡ್ರಿ. ಒಬ್ಬಾಂವ ಮೊದ್ಲು ಅರ್ಧ ಕೆಜಿ ಬ್ಯಾಳಿಗೆ ಖರೇನೇ ರೊಕ್ಕ ಕಟ್ತಾನ, ಅವನಿಗೆ ಖರೆ ಪೇಮೆಂಟ್ ಐಡಿ, ಖರೆ ಆರ್ಡರ್ ಐಡಿ, ಖರೆ ಸಿಗ್ನೇಚರ್ ಸಿಗ್ತದ. ಆಮ್ಯಾಲ 50 ಕೆಜಿ ಆರ್ಡರ್ ಹಾಕಿ, ರೊಕ್ಕ ಕಟ್ಟದೇ, ಆ ಹಳೇ ಮೂರನ್ನೇ ಕಳಿಸ್ತಾನ. ಸಿಗ್ನೇಚರ್ ಹೊಂದ್ತದ, ಯಾಕಂದ್ರ ಅದು ಖರೆನೇ ಅದ. ಅದಕ್ಕ ನಮ್ಮ ಆರ್ಡರ್ ಸಾಲಿನ ಜೋಡಿ ಮೊದ್ಲೇ ಬರೆದಿಟ್ಟ ಗೇಟ್‌ವೇ ಆರ್ಡರ್ ಐಡಿ ಡೇಟಾಬೇಸ್‌ದಿಂದ ತೆಗೆದು, ಅದನ್ನೇ ಹಾಕಿ ಲೆಕ್ಕ ಮಾಡಬೇಕು. ಒಂದು ಪೇಮೆಂಟ್ ಐಡಿ ಒಂದೇ ಆರ್ಡರ್‌ಗೆ ಅಂತ ಡೇಟಾಬೇಸ್‌ದಾಗೇ ಯುನೀಕ್ ನಿಯಮ ಹಾಕ್ರಿ, ಕೋಡ್ ಮರೆತ್ರೂ ಡೇಟಾಬೇಸ್ ಮರಿಯಂಗಿಲ್ಲ.

ಇಷ್ಟು ಮಾಡಿದ್ರೂ ಅರ್ಧ ಕೆಲಸ. ಯಾಕಂದ್ರ ಬ್ರೌಸರ್ ವಾಪಸ್ ಬಂದ್ರ ತಾನೇ ಇದೆಲ್ಲಾ. ನಮ್ಮ ಕಡಿ ಮಂದಿ ಹೆಚ್ಚಾಗಿ ಫೋನ್‌ದಾಗೇ ಕಟ್ತಾರ, ಯುಪಿಐದಿಂದನೇ ಕಟ್ತಾರ, ಬ್ರೌಸರ್‌ದಿಂದ ಯುಪಿಐ ಆ್ಯಪ್‌ಗೆ ಹಾರ್ತಾರ, ಪಿನ್ ಹಾಕ್ತಾರ, ಆಮ್ಯಾಲ ಬ್ರೌಸರ್‌ಗೆ ತಿರುಗಿ ಬರಂಗಿಲ್ಲ, ರೊಕ್ಕ ಹೋಯ್ತಲ್ಲ ಮುಗೀತು ಅಂತ ಫೋನ್ ಕಿಸೆದಾಗ ಇಡ್ತಾರ. ಕಮ್ಮಿ ರ್‍ಯಾಮ್ ಇರೋ ಫೋನ್ ಆದ್ರ ಅಷ್ಟೊತ್ತಿಗೆ ಬ್ರೌಸರ್ ಟ್ಯಾಬನ್ನ ಫೋನೇ ಕೊಂದಿರ್ತದ. ಚಿಂಚೋಳಿ ಕಡಿ ಹೋಗೋ ಬಸ್ಸಿನಾಗ ಕುಂತು ಆರ್ಡರ್ ಹಾಕೋರಿಗೆ ಪಿನ್ ಹಾಕಿದ ಕೂಡ್ಲೆ ನೆಟ್‌ವರ್ಕ್ ಹೋಗ್ತದ. ರೊಕ್ಕ ಖಾತೆದಿಂದ ಹೋಗ್ಯಾದ, ಗೇಟ್‌ವೇಗೆ ಮುಟ್ಟ್ಯಾದ, ನಮ್ಮ ಸರ್ವರ್‌ಗೆ ಮಾತ್ರ ಏನೂ ಗೊತ್ತಿಲ್ಲ. ಆಗ ಗಂಜ್‌ದಿಂದ ಫೋನ್ ಬರ್ತದ: "ತಮ್ಮಾ, ಗಿರಾಕಿ ಫೋನ್ ಮಾಡ್ಯಾರ, ರೊಕ್ಕ ಕಟ್ ಆಗ್ಯಾದಂತ, ನಮ್ಮ ಕಡಿ ಆರ್ಡರ್ ಕಾಣವಲ್ದು, ಅವ್ರಿಗೆ ಏನ್ ಹೇಳ್ಲಿ?" ಈ ಪ್ರಶ್ನಿಗೆ ಸಾವ್ಕಾರ್ರು ಗಿರಾಕಿ ಮುಂದ ತಲಿ ತಗ್ಗಿಸಬಾರ್ದು ಅಂದ್ರ ವೆಬ್‌ಹುಕ್ ಬೇಕೇ ಬೇಕು. ಅದನ್ನ ಆಮ್ಯಾಲ ಸೇರ್ಸೋ ಅಲಂಕಾರ ಅಂತ ನೋಡಬ್ಯಾಡ್ರಿ, ಆರ್ಡರ್ ಪಕ್ಕಾ ಆಗೋ ಮುಖ್ಯ ದಾರಿನೇ ಅದು.

ವೆಬ್‌ಹುಕ್‌ದಾಗ ಮೊದ್ಲು ಎಡವೋದು ಎಲ್ಲಿ ಅಂದ್ರ ಬಾಡಿ, ಅಂದ್ರ ಸುದ್ದಿ ಒಳಗಿನ ಪಠ್ಯ. ಎಕ್ಸ್‌ಪ್ರೆಸ್‌ದಾಗ ನಾವು ಎಲ್ಲಾ ರೂಟಿಗೂ (ಸರ್ವರ್‌ದ ವಿಳಾಸಗಳಿಗೂ) ಮ್ಯಾಲೇ ಜೇಸನ್ ಮಿಡಲ್‌ವೇರ್ (ವಿನಂತಿ ಬಂದ ಕೂಡ್ಲೆ ನಡುವ ಓಡೋ ಕೋಡ್) ಹಾಕಿರ್ತೀವಿ, ಅದು ಬಂದ ಪಠ್ಯವನ್ನ ಬಿಚ್ಚಿ ಆಬ್ಜೆಕ್ಟ್ ಮಾಡಿ ಕೊಡ್ತದ. ಆದ್ರ ವೆಬ್‌ಹುಕ್ ಸಿಗ್ನೇಚರ್ ಹಾಕಿರೋದು ಕಳಿಸಿದ ಬೈಟುಗಳ ಮ್ಯಾಲ, ಅಕ್ಷರಕ್ಕ ಅಕ್ಷರ. ಆಬ್ಜೆಕ್ಟನ್ನ ಮತ್ತ ಸ್ಟ್ರಿಂಗ್ ಮಾಡಿದ್ರ ಒಂದು ಖಾಲಿ ಜಾಗ, ಒಂದು ಎಸ್ಕೇಪ್ ಚಿಹ್ನೆ ಬ್ಯಾರೆ ಆದ್ರೂ ಎಚ್‌ಮ್ಯಾಕ್ ಪೂರ್ತಿ ಬ್ಯಾರೆ. ಕೆಟ್ಟದ್ದೇನಂದ್ರ ಎಷ್ಟೋ ಸಲ ಅದು ಹೊಂದ್ತದ, ಟೆಸ್ಟ್ ಪಾಸ್ ಆಗ್ತದ, ಮುಂದ ಯಾರೋ ವಿಚಿತ್ರ ಅಕ್ಷರ ಇರೋ ವಿಳಾಸ ಹಾಕಿದ ದಿನ ಮುರಿತದ. ಅದಕ್ಕ ವೆಬ್‌ಹುಕ್ ರೂಟಿಗೆ ಮಾತ್ರ ಪಠ್ಯ ಬಿಚ್ಚದೇ ಕೊಡೋ ಎಕ್ಸ್‌ಪ್ರೆಸ್‌ನ ರಾ ಮಿಡಲ್‌ವೇರ್ ಹಾಕ್ರಿ, ಅದೂ ಜೇಸನ್ ಮಿಡಲ್‌ವೇರ್‌ಗಿಂತ ಮೊದ್ಲು ಬರ್ಲಿ, ಬಫರ್ (ಆ ಬೈಟುಗಳ ಗಂಟು) ಹೆಂಗ ಬಂತೋ ಹಂಗೇ ಎಚ್‌ಮ್ಯಾಕ್‌ಗೆ ಕೊಡ್ರಿ, ಹೊಂದಿದ ಮ್ಯಾಲೇ ಬಿಚ್ಚ್ರಿ. ಇಲ್ಲಿ ಬಳಸೋ ಸೀಕ್ರೆಟ್ ಡ್ಯಾಶ್‌ಬೋರ್ಡ್‌ದಾಗ ವೆಬ್‌ಹುಕ್ ಸಲುವಾಗಿ ನೀವೇ ಇಟ್ಟದ್ದು, ಎಪಿಐ ಕೀ ಸೀಕ್ರೆಟ್ ಬ್ಯಾರೆ. ಎರಡೂ ಒಂದೇ ಅಂದ್ಕೊಂಡು ತಾಸುಗಟ್ಟಲೆ ಹುಡುಕೋರು ಅದಾರ.

ಎರಡನೇದು, ಜಲ್ದಿ ಉತ್ತರ. ರೇಜರ್‌ಪೇ 5 ಸೆಕೆಂಡ್ ಕಾಯ್ತದ, ಅಷ್ಟ್ರಾಗ 200ರ ಸಾಲಿನ ಉತ್ತರ ("ಮುಟ್ಟಿತು" ಅನ್ನೋ ವೆಬ್ ಸಂಕೇತ) ಸಿಗ್ಲಿಲ್ಲಾಂದ್ರ ಸುದ್ದಿ ಮುಟ್ಟಿಲ್ಲ ಅಂತ ತಿಳಿದು ಮತ್ತ ಕಳಿಸ್ತದ, 24 ತಾಸಿನ ತನಕ ಬಿಟ್ಟು ಬಿಟ್ಟು ಪ್ರಯತ್ನ ಮಾಡ್ತದ. ಆದ್ದರಿಂದ ವೆಬ್‌ಹುಕ್ ಒಳಗ ಬಿಲ್ ಪಿಡಿಎಫ್ ಮಾಡೋದು, ವಾಟ್ಸಾಪ್ ಕಳಿಸೋದು, ಕೊರಿಯರ್ ಬುಕ್ ಮಾಡೋದು ಏನೂ ಬ್ಯಾಡ. ಸಿಗ್ನೇಚರ್ ನೋಡು, ಬಂದ ಸುದ್ದಿ ಟೇಬಲ್‌ದಾಗ ಬರಿ, 200 ಕೊಡು, ಮುಗೀತು. ಉಳಿದದ್ದು ಹಿಂದ ಒಂದು ಕ್ಯೂ (ಕೆಲಸದ ಸರದಿ) ಇಟ್ಟು ಸಾವಕಾಶ ಮಾಡ್ರಿ.

ಮತ್ತ ಕಳಿಸ್ತದ ಅಂದ್ರ ಒಂದೇ ಸುದ್ದಿ ಎರಡು ಸಲ ಬರ್ತದ ಅಂತಾನೇ ಅರ್ಥ. ನಮ್ಮ 200 ದಾರಿದಾಗ ಕಳೆದ್ರೂ ಎರಡನೇ ಸಲ ಬರ್ತದ. ಪ್ರತಿ ಸುದ್ದಿಗೂ ಹೆಡರ್‌ದಾಗ ಒಂದು ಇವೆಂಟ್ ಐಡಿ ಇರ್ತದ, ಅದನ್ನ ಒಂದು ಟೇಬಲ್‌ದಾಗ ಯುನೀಕ್ ಮಾಡಿ ಇಡ್ರಿ, ಪೋಸ್ಟ್‌ಗ್ರೆಸ್‌ದಾಗ "ಆನ್ ಕಾನ್‌ಫ್ಲಿಕ್ಟ್ ಡೂ ನಥಿಂಗ್" ಅಂತ ಇನ್ಸರ್ಟ್ ಮಾಡಿ, ಸಾಲು ಹೊಸದಾಗಿ ಕುಂತ್ರ ಮಾತ್ರ ಮುಂದ ಹೋಗ್ರಿ. "ಮೊದ್ಲು ಹುಡುಕು, ಇಲ್ಲಾಂದ್ರ ಹಾಕು" ಅಂತ ಎರಡು ಹೆಜ್ಜಿ ಬರೆದ್ರ ಎರಡು ವಿನಂತಿ ಒಂದೇ ಕ್ಷಣಕ್ಕ ಬಂದಾಗ ಎರಡೂ "ಇಲ್ಲ" ಅಂತಾನೇ ನೋಡ್ತಾವ, ಗಿರಾಕಿಗೆ ಎರಡು ಪಾರ್ಸಲ್ ಹೋಗ್ತದ. ನೋಡ್ ಒಂದೇ ಥ್ರೆಡ್ ಅಲ್ಲೇನ್ರಿ ಅಂತ ಕೇಳ್ತಾರ. ಜಾವಾಸ್ಕ್ರಿಪ್ಟ್ ಒಂದೇ ಥ್ರೆಡ್ ಖರೆ, ಆದ್ರ ಪ್ರತಿ ಅವೇಟ್ (ಕೋಡ್ ಉತ್ತರಕ್ಕ ಕಾಯೋ ಜಾಗ) ಹತ್ರ ಇನ್ನೊಂದು ವಿನಂತಿ ಒಳಗ ಬರ್ಲಿಕ್ಕ ಜಾಗ ಅದ. ಬ್ರೌಸರ್ ದಾರಿ, ವೆಬ್‌ಹುಕ್ ದಾರಿ ಎರಡೂ ಒಂದೇ ಫಂಕ್ಷನ್‌ಗೆ ಬಂದು ಸೇರ್ಲಿ, ಆ ಫಂಕ್ಷನ್ ಎಷ್ಟು ಸಲ ಕರೆದ್ರೂ ಆರ್ಡರ್ ಒಂದೇ ಸಲ ಪಕ್ಕಾ ಆಗ್ಲಿ. ಅಲ್ಲೇ ಬಂದ ಮೊತ್ತ, ನಮ್ಮ ಆರ್ಡರ್ ಮೊತ್ತ ಎರಡೂ ಒಂದೇ ಅದಾವಿಲ್ಲ ಅಂತಾನೂ ನೋಡ್ರಿ.

ಸುದ್ದಿ ಸಾಲಾಗಿ ಬರ್ತಾವ ಅಂತಾನೂ ನಂಬಂಗಿಲ್ಲ. ಕ್ಯಾಪ್ಚರ್ಡ್ (ರೊಕ್ಕ ಪಕ್ಕಾ ನಮ್ಮದಾಯ್ತು) ಮೊದ್ಲು ಬಂದು ಆಥರೈಸ್ಡ್ (ಬ್ಯಾಂಕ್ ಒಪ್ಪ್ಯಾದ, ಇನ್ನೂ ನಮ್ಮದಾಗಿಲ್ಲ) ಆಮ್ಯಾಲ ಬರಬಹುದು. ಫೇಲ್ಡ್ ಅಂತ ಬಂದದ್ದೂ ಆರ್ಡರ್‌ದ ಕೊನಿ ಅಂತ ಅಲ್ಲ, ಆ ಒಂದು ಪ್ರಯತ್ನ ಫೇಲ್ ಆಯ್ತು ಅಷ್ಟೇ, ಅದೇ ಗಿರಾಕಿ ಅದೇ ಆರ್ಡರ್ ಮ್ಯಾಲ ಕಾರ್ಡ್ ಬಿಟ್ಟು ಯುಪಿಐದಿಂದ ಕಟ್ಟಬಹುದು. ಬ್ಯಾಂಕಿನ ಉತ್ತರ ತಡ ಆಗಿ ಫೇಲ್ ಅಂತ ಬರೆದದ್ದು ಆಮ್ಯಾಲ ಪಾಸ್ ಆಗೋದೂ ಅದ. ಅದಕ್ಕ ನಿಯಮ ಸರಳ ಇಡ್ರಿ: ಒಮ್ಮೆ "ರೊಕ್ಕ ಬಂದಾದ" ಅಂತ ಆದ ಆರ್ಡರ್ ಹಿಂದಿನ ಯಾವ ಸುದ್ದಿಯಿಂದಲೂ ಕೆಳಗ ಇಳಿಬಾರ್ದು. ಆಥರೈಸ್ಡ್ ಅಂದ ಕೂಡ್ಲೆ ಬ್ಯಾಳಿ ಕಳಿಸಬ್ಯಾಡ್ರಿ, ಕ್ಯಾಪ್ಚರ್ ಆಗಬೇಕು, ಕ್ಯಾಪ್ಚರ್ ಆಗದೇ ಉಳಿದ ರೊಕ್ಕ ಗಿರಾಕಿಗೇ ವಾಪಸ್ ಹೋಗ್ತದ.

ಇಷ್ಟೆಲ್ಲಾ ಕಟ್ಟಿದ್ರೂ ನಮ್ಮ ಸರ್ವರೇ ಒಂದಿನ ಮಲಗಬಹುದು. ಅದಕ್ಕ ಒಂದು ಸಣ್ಣ ಕ್ರಾನ್ (ಹೊತ್ತಿಗೆ ಸರಿಯಾಗಿ ತಾನೇ ಓಡೋ ಕೋಡ್) ಬೇಕು, ಹತ್ತೋ ಹದಿನೈದೋ ನಿಮಿಷಕ್ಕೊಮ್ಮೆ ಎದ್ದು, ಇನ್ನೂ ಬಾಕಿ ಅಂತ ಕುಂತ ಆರ್ಡರ್‌ಗಳನ್ನ ಹಿಡಿದು, ಪ್ರತಿ ಆರ್ಡರ್‌ಗೂ ಗೇಟ್‌ವೇಗೆ "ಇದ್ರ ಮ್ಯಾಲ ಪೇಮೆಂಟ್ ಏನರ ಬಂದಾದೇನು" ಅಂತ ಕೇಳಿ, ಬಂದಿದ್ರ ಅದೇ ಫಂಕ್ಷನ್ ಕರೆಯೋದು. ಕೋಡ್ ಸಣ್ಣದು, ಆದ್ರ ಗಂಜ್‌ದಿಂದ ಬರೋ ಫೋನ್ ನಿಲ್ಲಿಸೋದು ಇದೇ.

ಪರದೆ ಮ್ಯಾಲ ಏನು ಬರಿಬೇಕು ಅನ್ನೋದನ್ನೂ ಕೋಡ್‌ದಷ್ಟೇ ಗಂಭೀರ ತಗೋರಿ. ಗೊತ್ತಿಲ್ಲದ ಸ್ಥಿತಿಗೆ "ಪೇಮೆಂಟ್ ಫೇಲ್ಡ್" ಅಂತ ಕೆಂಪು ಅಕ್ಷರದಾಗ ತೋರ್ಸಿದ್ರ ಮಂದಿ ಹೆದರಿ ಇನ್ನೊಮ್ಮೆ ಕಟ್ತಾರ, ವಯಸ್ಸಾದವ್ರಂತೂ ಕಟ್ಟೇ ಕಟ್ತಾರ. "ನಿಮ್ಮ ಹಣ ಬಂದಿದೆಯೇ ಎಂದು ನೋಡುತ್ತಿದ್ದೇವೆ, ದಯವಿಟ್ಟು ಮತ್ತೊಮ್ಮೆ ಕಟ್ಟಬೇಡಿ" ಅಂತ ಕನ್ನಡದಾಗೇ ಬರೀರಿ, ಕೆಳಗ ಆರ್ಡರ್ ನಂಬರ್, ಅಂಗಡಿ ಫೋನ್ ನಂಬರ್ ಇರ್ಲಿ. ಖಾತೆದಿಂದ ರೊಕ್ಕ ಹೋಗಿ ವ್ಯಾಪಾರಿಗೆ ಸುದ್ದಿ ಮುಟ್ಟದಿದ್ದ ಯುಪಿಐ ಪೇಮೆಂಟನ್ನ ಐದು ದಿನದ ಒಳಗ ತಾನಾಗೇ ವಾಪಸ್ ಮಾಡಬೇಕು, ತಡ ಆದ್ರ ದಿನಕ್ಕ 100 ರೂಪಾಯಿ ಪರಿಹಾರ ಕೊಡಬೇಕು ಅಂತ ಆರ್‌ಬಿಐ 2019ರ ಸೆಪ್ಟೆಂಬರ್‌ದಾಗೇ ಸುತ್ತೋಲೆ ತೆಗೆದದ. ಸಾವ್ಕಾರ್ರಿಗೆ ಇದನ್ನ ತಿಳಿಸಿ ಹೇಳ್ರಿ, ಫೋನ್ ಮಾಡಿದ ಗಿರಾಕಿಗೆ ಅವ್ರು ಧೈರ್ಯ ಹೇಳ್ಲಿಕ್ಕ ಬರ್ತದ.

ಕೀಗಳ ಬಗ್ಗೆ ಜರಾ. ಕೀ ಐಡಿ ಬ್ರೌಸರ್‌ಗೆ ಹೋಗ್ಲಿ, ಕೀ ಸೀಕ್ರೆಟ್ ಹೋಗಬಾರ್ದು, ಗಿಟ್‌ದಾಗ (ಕೋಡ್ ಇಡೋ ಜಾಗ) ಅಂತೂ ಬರ್ಲೇಬಾರ್ದು, ಎನ್ವಿರಾನ್‌ಮೆಂಟ್ ವೇರಿಯಬಲ್‌ದಾಗ, ಅಂದ್ರ ಕೋಡ್ ಹೊರಗ ಸರ್ವರ್ ಸೆಟ್ಟಿಂಗ್‌ದಾಗ, ಇಡ್ರಿ. ಗೊತ್ತಿಲ್ದಂಗ ಗಿಟ್‌ದಾಗ ಬಂದ್ರ ಆ ಕಮಿಟ್ ಅಳಿಸಿದ್ರೆ ಸಾಲಂಗಿಲ್ಲ, ಕೀ ಬದಲಿ ಮಾಡ್ರಿ. ಕಾರ್ಡ್ ನಂಬರ್ ನಮ್ಮ ಸರ್ವರ್ ಮುಟ್ಟೋದೇ ಬ್ಯಾಡ, 2022ರ ಅಕ್ಟೋಬರ್ 1ರಿಂದ ವ್ಯಾಪಾರಿಗಳು ಕಾರ್ಡ್ ನಂಬರ್ ಇಟ್ಕೊಳ್ಳೋದಕ್ಕ ಆರ್‌ಬಿಐ ಅವಕಾಶನೇ ಕೊಟ್ಟಿಲ್ಲ, ಕಾರ್ಡ್ ನಂಬರ್ ಬದ್ಲಿ ಟೋಕನ್ ಅನ್ನೋ ಬ್ಯಾರೆ ಗುರುತು ಬಂದಾದ.

ಟೆಸ್ಟ್ ಮಾಡೋದು ಅಂದ್ರ ಹಸಿರು ಟಿಕ್ ಬಂತು ಅಂತ ಖುಷಿ ಪಡೋದಲ್ಲ. ಟೆಸ್ಟ್ ಮೋಡ್‌ದಾಗ ನೆಟ್‌ಬ್ಯಾಂಕಿಂಗ್ ಆರಿಸಿದ್ರ ಸಕ್ಸೆಸ್, ಫೇಲ್ಯೂರ್ ಅಂತ ಎರಡು ಬಟನ್ ಬರ್ತಾವ, ಎರಡೂ ಒತ್ತಿ ನೋಡ್ರಿ. ಲೋಕಲ್‌ಹೋಸ್ಟ್‌ಗೆ (ನಿಮ್ಮ ಸ್ವಂತ ಕಂಪ್ಯೂಟರ್‌ಗೆ) ವೆಬ್‌ಹುಕ್ ಬರಂಗಿಲ್ಲ, ಹೊರಗಿಂದ ಅಲ್ಲಿಗೆ ದಾರಿ ಮಾಡೋ ಎನ್‌ಗ್ರಾಕ್‌ದಂಥ ಟನಲ್ ಬೇಕು. ಆಮ್ಯಾಲ ಸಕ್ಸೆಸ್ ಒತ್ತಿದ ಕೂಡ್ಲೆ ಫೋನಿನ ಡೇಟಾ ಬಂದ್ ಮಾಡ್ರಿ, ಟ್ಯಾಬ್ ಮುಚ್ರಿ, ಬಂದ ಅದೇ ವೆಬ್‌ಹುಕ್ ಕರ್ಲ್‌ದಿಂದ (ವೆಬ್ ವಿನಂತಿ ಕಳಿಸೋ ಕಮಾಂಡ್) ಎರಡು ಸಲ ಹೊಡೀರಿ, ಸರ್ವರ್ ನಿಲ್ಲಿಸಿ ಪೇಮೆಂಟ್ ಮಾಡಿ ಆಮ್ಯಾಲ ಏರಿಸ್ರಿ. ಈ ನಾಲ್ಕೂ ಆದ ಮ್ಯಾಲ ಡೇಟಾಬೇಸ್‌ದಾಗ ಪ್ರತಿ ಪೇಮೆಂಟಿಗೂ ಒಂದೇ ಒಂದು ಪಕ್ಕಾ ಆರ್ಡರ್ ಇದ್ರ ಲೈವ್ ಕೀ ಹಾಕ್ರಿ, ಇಲ್ಲಾಂದ್ರ ಬ್ಯಾಡ.

ಇನ್ನ ಮುನೀಮರ ಪ್ರಶ್ನಿ ಬರ್ತದ: ವೆಬ್‌ಸೈಟ್‌ದಾಗ ಇಷ್ಟು ಮಾರಾಟ ಅದ, ಬ್ಯಾಂಕಿಗೆ ಯಾಕ ಕಮ್ಮಿ ಬಂದದ? ಗೇಟ್‌ವೇ ತನ್ನ ಶುಲ್ಕ, ಅದ್ರ ಮ್ಯಾಲ 18 ಪರ್ಸೆಂಟ್ ಜಿಎಸ್‌ಟಿ ಹಿಡಿದು, ಹಲವು ಆರ್ಡರ್ ಕೂಡಿಸಿ ಒಂದೇ ಗಂಟು ಮಾಡಿ, ಒಂದೆರಡು ದಿನ ಬಿಟ್ಟು ಹಾಕ್ತದ. ಯುಪಿಐ ಮ್ಯಾಲ ಎಂಡಿಆರ್ (ಪೇಮೆಂಟ್ ತಗೊಳ್ಳೋದಕ್ಕ ವ್ಯಾಪಾರಿಯಿಂದ ಹಿಡಿಯೋ ಶುಲ್ಕ) 2020ರ ಜನವರಿಯಿಂದ ಸೊನ್ನೆ ಅದ, ಆದ್ರ ಗೇಟ್‌ವೇ ತನ್ನ ಸೇವೆಗೆ ಬ್ಯಾರೆ ಹಿಡಿಬಹುದು, ಒಪ್ಪಂದ ಮಾಡ್ಕೊಳ್ಳೋ ಹೊತ್ತಿಗೇ ಕೇಳ್ಕೊಳ್ರಿ. ಪೇಮೆಂಟ್ ವಿವರದಾಗ ಫೀ, ಟ್ಯಾಕ್ಸ್ ಅಂತ ಎರಡು ಅಂಕಿ ಬರ್ತಾವ, ಎರಡೂ ಪೈಸೆದಾಗ, ಎರಡನ್ನೂ ಬರೆದಿಡ್ರಿ, ಆದ್ರ ರೇಜರ್‌ಪೇದಾಗ ಫೀ ಒಳಗೇ ಟ್ಯಾಕ್ಸ್ ಸೇರಿರ್ತದ, ಎರಡು ಸಲ ಕಳಿಬ್ಯಾಡ್ರಿ. ರಿಫಂಡ್‌ಗೂ ಇದೇ ಶಿಸ್ತು ಬೇಕು: ಬ್ಯಾರೆ ಟೇಬಲ್, ಬ್ಯಾರೆ ವೆಬ್‌ಹುಕ್ ಸುದ್ದಿ, ರಿಫಂಡ್ ಬಟನ್ ಒತ್ತಿದ ಕೂಡ್ಲೆ "ವಾಪಸ್ ಆಯ್ತು" ಅಂತ ಗಿರಾಕಿಗೆ ಮೆಸೇಜ್ ಹೋಗಬಾರ್ದು, ಪ್ರೊಸೆಸ್ಡ್ ಅಂತ ಸುದ್ದಿ ಬಂದ ಮ್ಯಾಲೇ ಹೋಗ್ಲಿ. ಆ ಬಟನ್ ಯಾರ ಲಾಗಿನ್‌ದಿಂದ ಒತ್ತಿದ್ದು, ಎಷ್ಟು ಹೊತ್ತಿಗೆ ಒತ್ತಿದ್ದು ಅನ್ನೋದೂ ಅದೇ ಸಾಲಿನಾಗ ಬರ್ಲಿ, ಸಾವ್ಕಾರ್ರು ಮೊದ್ಲು ಕೇಳೋದು ಅದನ್ನೇ.